ದೇವರ ಮಡುವಿನ ಉಸುಕು

ಗಿರಿಮಲ್ಲಪ್ಪ ಹುಟ್ಟಿದ್ದು ಕುರಿಗಾರನಾಗಿ, ಹೊಟ್ಟೆ ಹೊರೆದದ್ದು ಬಲೆಯಿಂದ. ಬೀಳಗಿ ಕಡೆಯ ಹುಲ್ಲುಗಾವಲು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಅವನೂ ತಮ್ಮ ಮಾಳುವೂ ಕುರಿ ಮಾರಿ ತೆಪ್ಪ ಹತ್ತಿದ್ದರು. ಬುದ್ಧಿ ಮಾತ್ರ ಕುರಿಗಾರನದೇ ಉಳಿಯಿತು. ಮೀನು ಕಡಿಮೆಯಾಗುತ್ತ ಬಂದಾಗ ಅವನಿಗೆ ನೆನಪಾದದ್ದು ಹಿರಿಯರ ಪದ್ಧತಿ. ಅಡವಿಯ ಒಂದು ತುಂಡನ್ನು ಮೇಯಿಸದೆ ಬಿಟ್ಟರೆ ಹುಲ್ಲು ತಾನೇ ಚಿಗುರುತ್ತದೆ.

"ಬೀರಪ್ಪನ ಗುಡಿ ಮುಂದಿನ ಮಡುವಿನಾಗ ಯಾರೂ ಬಲೆ ಹಾಕೂದ ಬ್ಯಾಡ್ರಿ," ಎಂದು ಊರವರ ಮುಂದೆ ಎದ್ದು ನಿಂತು ಹೇಳಿದ. "ಹುಲ್ಲ ಕಾಯ್ದಂಗ ಮೀನಾ ಕಾಯೂಣು."

ಬಲೆಗಾರರೆಲ್ಲ ದೇವರ ಭಂಡಾರ ಮುಟ್ಟಿ, ಆ ಅರಿಶಿನದ ಕೈಯಲ್ಲೇ ಆಣೆ ಮಾಡಿದರು. ಮಾಳು ಗೊಣಗಿಕೊಂಡೇ ಮುಟ್ಟಿದ. ಅವನ ಸಂಸಾರ ನಡೆಯುತ್ತಿದ್ದದ್ದೇ ಆ ಮಡುವಿನ ಉಸುಕಿನ ಮೀನಿನಿಂದ. ಹಗಲೆಲ್ಲ ಮೈ ಹೂತುಕೊಂಡು ಮೂತಿಯಷ್ಟೇ ಹೊರಗಿಟ್ಟು ಮಲಗುವ ಸೋಮಾರಿ ಮೀನು. ಸಂತೆಗೆ ಒಯ್ದರೆ ಬುಟ್ಟಿ ಇಳಿಸುವ ಮೊದಲೇ ಖಾಲಿ.

"ಅಣ್ಣಾ, ಎರಡ ವರ್ಷ ನಿನ್ನ ಮಾತ ಕೇಳ್ತೀನಿ," ಎಂದ ಮಾಳು. "ಆಮ್ಯಾಲೂ ಉಸುಕಿನ ಮೀನ ಹೆಚ್ಚಲಿಲ್ಲಂದ್ರ ತೆಪ್ಪಾ ಮಾರಿ ಬನಹಟ್ಟಿ ಮಗ್ಗಕ್ಕ ಹೋಗಾಂವ ನೋಡ."

ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಉಸುಕಿನಲ್ಲಿ ಬೆರಳುದ್ದದ ಮರಿಗಳು ಕಂಡವು. ಗಿರಿಮಲ್ಲಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಮ್ಮ ಇನ್ನು ಎಲ್ಲಿಗೂ ಹೋಗುವುದಿಲ್ಲ! ಹೆಂಡತಿ ಸತ್ಯವ್ವ ನಕ್ಕಳು: "ಕುರಿ ಮರಿ ಹಾಕಿದಾಗೂ ಇಷ್ಟ ಕುಣಿದಿರಲಿಲ್ರಿ ನೀವು."

ಆ ಬೇಸಿಗೆ ನೀರು ಇಳಿದು ಮಡುವಿನ ಉಸುಕು ಬಯಲಾಯಿತು. ಅದೇ ಹೊತ್ತಿಗೆ ಬೀರಪ್ಪನ ಗುಡಿಗೆ ಹೊಸ ಮಂಟಪ ಕಟ್ಟುವ ಮಾತೂ ಎದ್ದಿತ್ತು. ದೇವರ ಕೆಲಸಕ್ಕೆ ದೇವರ ಮಡುವಿನ ಉಸುಕೇ ಆಗಬೇಕು ಎಂದ ಪೂಜಾರಿ ಶಿದ್ರಾಮಪ್ಪ. ಬೇಡ ಅನ್ನುವ ಎದೆ ಯಾರಿಗಿತ್ತು? ಆಣೆ ಇದ್ದದ್ದು ಬಲೆಗೆ, ಬುಟ್ಟಿಗಲ್ಲ. ಹಣೆ ತುಂಬ ಭಂಡಾರ ಬಳಿದುಕೊಂಡು ಮೊದಲ ಬುಟ್ಟಿ ಹೊತ್ತವನು ನಮ್ಮ ಗಿರಿಮಲ್ಲಪ್ಪನೇ. ಹಿಂದೆ ಇಡೀ ಊರು ಹೊತ್ತಿತು, ಸಾಲದ್ದಕ್ಕೆ ಟ್ರ್ಯಾಕ್ಟರುಗಳು ಬಂದವು, ಕರಿ ಮಣ್ಣು ಕಾಣುವವರೆಗೆ ಕೆರೆದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಪಾಪ, ಬೇಲಿಗೆ ಅದು ತಿಳಿದರೆ ತಾನೆ!

ಮಂಟಪ ಎದ್ದಿತು. ಹೊಳೆ ತುಂಬಿತು, ಇಳಿಯಿತು. ಎರಡನೆಯ ವರ್ಷ ಮುಗಿದಾಗ ಅಣ್ಣತಮ್ಮ ಬರಿಗೈಯಲ್ಲಿ ಮಡುವಿಗೆ ಇಳಿದರು. ಕಲ್ಲುಸಂದಿಯ ಮೀನುಗಳು ಕೊಬ್ಬಿ, ಹೆದರಿಕೆಯಿಲ್ಲದೆ ಕಾಲು ಸವರಿ ಹೋದವು. ಅವುಗಳನ್ನು ಆಣೆ ಕಾದಿತ್ತು. ಉಸುಕಿದ್ದ ಕಡೆ ಗಿರಿಮಲ್ಲಪ್ಪ ಪಾದ ಊರಿದ. ಮೊಣಕಾಲಿನ ತನಕ ರಾಡಿ. ಒಂದು ಮೂತಿಯೂ ಮಿಸುಕಲಿಲ್ಲ. ಬಗ್ಗಿ ಎರಡೂ ಕೈಯಿಂದ ರಾಡಿ ಕೆದರಿದ.

"ಎಲ್ಲಿ ಹೋದ್ವಲೇ, ಮಾಳು?"

"ಅವಕ್ಕ ಮಲಗಾಕ ಜಾಗಾನ ಇಲ್ಲಲ್ಲ, ಅಣ್ಣಾ. ನೀ ಹುಲ್ಲ ಕಾಯ್ದಿ, ನೆಲಾನ ಹೊತ್ತ ಒಯ್ದಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುವಾರ ಮಾಳು ಹೆಂಡತಿ ಮಕ್ಕಳೊಂದಿಗೆ ಬನಹಟ್ಟಿಯ ಬಸ್ಸು ಹತ್ತಿದ.

ಅವರನ್ನು ಕಳಿಸಿ ಗಿರಿಮಲ್ಲಪ್ಪ ಗುಡಿಗೆ ಬಂದ. ಮಂಟಪದ ಗೋಡೆಗೆ ಮೆತ್ತಿದ ಗಿಲಾವಿನಲ್ಲಿ ಮಡುವಿನ ಉಸುಕು ಸಣ್ಣಗೆ ಹೊಳೆಯುತ್ತಿತ್ತು. ಕೈಯಿಂದ ಸವರಿದ, ಗಟ್ಟಿಯಾಗಿತ್ತು. ಶಿದ್ರಾಮಪ್ಪ ಭಂಡಾರದ ತಟ್ಟೆ ಹಿಡಿದು ನಗುತ್ತ ಬಂದ.

"ಹಣಿ ಕೊಡೋ, ಗಿರಿಮಲ್ಲಾ. ಈ ಮಂಟಪಕ್ಕ ಮೊದಲನೇ ಬುಟ್ಟಿ ನಿಂದ."

ಗಿರಿಮಲ್ಲಪ್ಪ ಹಣೆ ಒಡ್ಡಿದ.