ಬೀಡಿ ಬಿಟ್ಟ ಚಂದ್ರಾಮಪ್ಪ

ಮರೆಮ್ಮ ತೀರಿಹೋದ ಗಂಡ ಚಂದ್ರಾಮಪ್ಪನ ಅಂಗಿಯ ಕಿಸೆಗೆ ಕೈಹಾಕಿ, ಬೀಡಿಕಟ್ಟನ್ನು ಕಿತ್ತು ಅಂಗಳಕ್ಕೆ ಎಸೆದಳು. ಅಳುತ್ತಿದ್ದ ಹೆಂಗಸರು ಸೆರಗು ಸರಿಸಿ ನೋಡಿದರು.

"ವೈನೀ, ಏನ್ ಮಾಡ್ಲಿಕತ್ತೀ?" ಕಟ್ಟನ್ನು ಕಿಸೆಯಲ್ಲಿಟ್ಟಿದ್ದ ಮೈದುನ ಬಸವಲಿಂಗ ಕೇಳಿದ. "ಸತ್ತಾಂವಗ ಜೀವಕ್ಕ ಬೇಕಾದದ್ದು ಜೋಡಿ ಕಳಸಬೇಕು. ನಮ್ಮಪ್ಪಗ ತಂಬಾಕಿನ ಚೀಲ ಇಟ್ಟಿದ್ದಿಲ್ಲೇನು? ಇಲ್ಲಾಂದ್ರ ಅಣ್ಣನ ಜೀವ ಇಲ್ಲೇ ತಿರಗತದ."

"ತಿರಗಲಿ. ತಿರಗೋದಂದ್ರ ಅಂವಗ ಭಾಳ ಸೇರ್ತಿತ್ತು. ಬೀಡಿ ಬಿಟ್ಟಾಂವ ಅಂವ. ಬಿಟ್ಟದ್ದನ್ನ ಹೆಣದ ಕಿಸೇದಾಗ ತುರಕ್ತೀಯಲ್ಲ, ನಾಚಿಕಿ ಬರ್ಲಿಲ್ಲ?"

"ಬಿಟ್ಟು ಏನ್ ಬಂತು? ಆ ಡಾಕ್ಟರಮ್ಮನ ಮಾತ ಕೇಳಿ ಬಾಯಿ ಕಟ್ಟಿದ. ಕಡೀಗಿ ಎದಿ ಹಿಡಕೊಂಡೇ ಹೋದ."

ಕಲ್ಲಿನ ಖಣಿಯಲ್ಲಿ ಚಂದ್ರಾಮಪ್ಪನ ಜೊತೆಗೇ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸಿ ಮುದುಕನಾದ ಖಾಜಾಮಿಯಾ ಕಟ್ಟೆಯ ಮೇಲಿಂದ ಗದರಿದ: "ಹೋಗೋದಿದ್ರ ಖಣಿಯಾಗ ಎದಿ ಹಿಡಕೊಂಡು ಬಿದ್ದ ದಿನಾನೇ ಹೋಗ್ತಿದ್ದ, ಬಸವ. ಜೀಪಿನ್ಯಾಗ ಹಾಕ್ಕೊಂಡು ಓಡಿದಾಂವ ನಾನು. ನೀ ಎಲ್ಲಿದ್ದಿ?"

*

ಅಂದು ಕಲಬುರಗಿಯ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರಮ್ಮ ಪರದೆಯ ಮೇಲೆ ಅವನ ರಕ್ತನಾಳ ತೋರಿಸಿದ್ದರು. ಮುಚ್ಚಿಹೋಗಿದ್ದ ಕಡೆ ಸ್ಟೆಂಟ್ ಹಾಕಿ ದಾರಿ ಬಿಡಿಸಿದ್ದಾಗಿತ್ತು.

"ಬೀಡಿ ಸೇದಿದ್ರ ಮತ್ತ ಮುಚ್ಚತದ. ಗುಳಿಗಿ ತಪ್ಪಿಸಬ್ಯಾಡ್ರಿ. ದಿನಾ ನಡೀರಿ."

"ಬೀಡಿ ಬಿಟ್ರ ನಾ ಚಂದ್ರಾಮಪ್ಪನೇ ಅಲ್ಲರೀ."

"ಹಂಗಾರ ಬ್ಯಾರೆ ಯಾರರ ಆಗು," ಎಂದಿದ್ದಳು ಮರೆಮ್ಮ. "ನನಗೇನ್ ತ್ರಾಸಿಲ್ಲ. ಬದುಕು, ಸಾಕು."

ಡಾಕ್ಟರಮ್ಮ ನಕ್ಕುಬಿಟ್ಟರು. ಅವನು ನಗಲಿಲ್ಲ. ಊರಿಗೆ ಬಂದವನು ಬೀಡಿಯನ್ನೆಲ್ಲ ಒಲೆಗೆ ಹಾಕಿದ. ಕೈ ಬೀಡಿಗಾಗಿ ತಡಕಾಡಿದಾಗೆಲ್ಲ ಶೇಂಗಾ ಸುಲಿಯುತ್ತ ಕೂತ. ಆಮೇಲೆ ದಿನಾ ಬೆಳಿಗ್ಗೆ ರಾವೂರಿನಿಂದ ವಾಡಿಯ ಹಾದಿ ಹಿಡಿದು ನಡೆಯತೊಡಗಿದ. ಹೊಟೇಲಿನ ಮುಂದೆ ಕೂತವರು, "ಎಮ್ಮಿ ಕಳಕೊಂಡೀಯೇನೋ ಚಂದ್ರಾಮ?" ಎಂದು ಕೂಗುತ್ತಿದ್ದರು.

"ಜೀವ ಸಿಕ್ಕದ. ಮೇಯಿಸ್ಲಿಕ್ಕ ಹೊಂಟೀನಿ!"

ಹಾಗೆ ಮೇಯಿಸಿದ ಜೀವದಲ್ಲೇ ಮಗಳು ದೇವಿಕಾಳ ಮದುವೆ ಮಾಡಿದ. ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟುಬಂದ.

*

ಹೆಣ ಎತ್ತುವ ಹೊತ್ತಾಯಿತು. ಬಸವಲಿಂಗ ಅಂಗಳದಲ್ಲಿ ಬಿದ್ದಿದ್ದ ಕಟ್ಟನ್ನು ಹೆಕ್ಕಿ ತನ್ನ ಕಿಸೆಗೆ ಹಾಕಿಕೊಂಡ.

"ಮಣ್ಣ ಮಾಡೋ ಕುಣಿಯಾಗರ ಇಡ್ತೀನಿ. ಹೆಂಗಸ್ರು ಅಲ್ಲಿತನಕ ಬರಂಗಿಲ್ಲ."

ಮರೆಮ್ಮ ಒಳಗೆ ಹೋಗಿ, ಬಾಗಿಲ ಹಿಂದಿದ್ದ ಗಂಡನ ಚಪ್ಪಲಿ ಮೆಟ್ಟಿ ಬಂದಳು. ನಡೆದೂ ನಡೆದೂ ಹಿಮ್ಮಡಿ ಸವೆದ ಚಪ್ಪಲಿ. ಅವಳ ಪಾದಕ್ಕೆ ಭಾಳ ದೊಡ್ಡದು.

"ವೈನೀ! ಹೆಣದ ಮುಂದ ಚಪ್ಲಿ ಮೆಟ್ಟಿ ಹೊಂಟೀಯೇನು? ಮಂದಿ ಏನಂದಾರು?"

"ಎಮ್ಮಿ ಕಳಕೊಂಡಾಳ ಅಂತಾರ. ಅನ್ಲಿ."

ಖಾಜಾಮಿಯಾ ಮೀಸೆಯಲ್ಲೇ ನಕ್ಕು, ಕಣ್ಣೊರೆಸಿಕೊಂಡು, ಚಟ್ಟಕ್ಕೆ ಹೆಗಲು ಕೊಟ್ಟ. ಮರೆಮ್ಮ ಮುಂದೆ ನಡೆದಳು, ಗಂಡ ನಡೆಯುತ್ತಿದ್ದ ಬೀಸಿನಲ್ಲೇ. ಹೊತ್ತವರೂ ಬಿರಬಿರನೆ ಹೆಜ್ಜೆ ಹಾಕಬೇಕಾಯಿತು. ಏರಿನಲ್ಲಿ ಬಸವಲಿಂಗನಿಗೆ ದಮ್ಮು ಹತ್ತಿತು. ಚಟ್ಟವನ್ನು ಬೇರೊಬ್ಬನ ಹೆಗಲಿಗೆ ದಾಟಿಸಿ, ಫರಸಿ ಕಲ್ಲಿನ ರಾಶಿಗೆ ಒರಗಿ ಕೆಮ್ಮತೊಡಗಿದ.

"ವೈನೀ... ಜರಾ ನಿಂದರು."

ಮರೆಮ್ಮ ಹಿಂದಿರುಗಿ ಬಂದು ಅವನೆದುರು ಅಂಗೈ ಚಾಚಿ ನಿಂತಳು. ಅವನು ಆ ಕಡೆ ಈ ಕಡೆ ನೋಡಿದ. ಮತ್ತೆ ಕೆಮ್ಮಿದ. ಕಡೆಗೆ ಕಟ್ಟನ್ನು ತೆಗೆದು ಆ ಅಂಗೈಯಲ್ಲಿಟ್ಟ.

ಅವಳು ಅದನ್ನು ಹಾದಿಗೆ ಬಿಟ್ಟು, ಸವೆದ ಹಿಮ್ಮಡಿಯಿಂದ ಹೊಸಕಿದಳು. ಆಮೇಲೆ ದೊಡ್ಡ ಚಪ್ಪಲಿಗಳ ಪಟ್ ಪಟ್ ಸದ್ದು ಮತ್ತೆ ಚಟ್ಟದ ಮುಂದಾಯಿತು. ಹುಡಿಯಾದ ತಂಬಾಕಿನ ಮೇಲಿಂದ ಚಂದ್ರಾಮಪ್ಪ ದಾಟಿಹೋದ.