ಬೇರೆಯವರ ಜಮಖಾನ

"ನಿನ್ನನ್ನ ಇಟ್ಕೊಂಡಿರೋದು ಮಗು ಜೊತೆ ಆಡೋಕೆ ಕಣೇ, ಅದರ ತಾಯಿ ಆಗೋಕಲ್ಲ! ಏಳೇ ದರಿದ್ರದೋಳೇ!"

ಅಮ್ಮಾವ್ರು ಗದರಿದ್ದಕ್ಕೆ ಕೆಲಸದ ಹೆರ್ಮೆಲಿಂಡ ನೆಲದಿಂದ ಎದ್ದಳು. ಅಮ್ಮಾವ್ರ ಮಗಳು ರೆನಾಟ ಅಂದು ಮೊದಲ ಸಲ ಒಬ್ಬರ ಕಣ್ಣಲ್ಲಿ ಕಣ್ಣಿಟ್ಟು ನಕ್ಕಿದ್ದಳು. ಆ ನಗು ಕೆಲಸದವಳ ಪಾಲಾಯಿತೆಂದು ಅಮ್ಮಾವ್ರಿಗೆ ಹೊಟ್ಟೆಯುರಿ. ಆಟಿಸಂ ಇರುವ ಮಗುವನ್ನು ನಮ್ಮ ದಾರಿಗೆ ಎಳೆಯಬೇಡಿ, ನೀವೇ ಅದರ ಆಟಕ್ಕೆ ಇಳಿಯಿರಿ, ಎದುರಿಗೆ ಕೂತು ಕಾಯಿರಿ, ಮೊದಲು ನಂಟು ಬೆಳೆಯಲಿ ಎಂದು ವಾರವಾರ ಬರುವ ಟೀಚರ್ ಕಲಿಸಿದ್ದಳು. ಕೂರಬೇಕಾದವಳು ತಾಯಿ. ಅಮ್ಮಾವ್ರಿಗೆ ನೆಲ ಆಗಿಬರದು, ಅದಕ್ಕೇ ಕೆಲಸದವಳನ್ನು ಕೂರಿಸಿದ್ದರು.

ಕೀಟೊ ಪಟ್ಟಣದ ಮೇಲಿನ ಗುಡ್ಡದಲ್ಲಿ, ತಗಡಿನ ಕೋಣೆಯೊಳಗೆ, ಹೆರ್ಮೆಲಿಂಡಳ ಮಗ ವಿಲ್ಮರನಿಗೂ ರೆನಾಟಳಿಗಿದ್ದದ್ದೇ ಇತ್ತು. ಯಾವ ಶಾಲೆಯೂ ಅವನನ್ನು ಸೇರಿಸಿಕೊಳ್ಳಲಿಲ್ಲ. ರಸ್ತೆಗೆ ಓಡಿ ಬಸ್ಸಿಗೆ ಸಿಕ್ಕಾನೆಂದು, ಕೆಲಸಕ್ಕೆ ಹೊರಡುವಾಗ ಅವನ ಕೈಗಳನ್ನು ಮಂಚದ ಕಾಲಿಗೆ ಕಟ್ಟುತ್ತಿದ್ದಳು. ಹಗ್ಗದಿಂದಲ್ಲ, ಅವರ ಜನ ಎಳೆಗೂಸನ್ನು ಬಿಗಿಯಾಗಿ ಸುತ್ತಿ ಮಲಗಿಸುವ ನೇಯ್ದ ಪಟ್ಟಿಯಿಂದ. ಅದರಲ್ಲೇ ಬೆಚ್ಚಗೆ ಮಲಗಿ ಬೆಳೆದವನಲ್ಲವೇ, ನೋವಾಗಲಿಕ್ಕಿಲ್ಲ ಎಂದುಕೊಂಡಿದ್ದಳು. ಬೇರೆಯವರ ಮಗಳ ನಗು ಕಂಡ ಆ ದಿನ ಅವಳಿಗೆ, ತನ್ನಂಥ ಪಾಪಿ ಇನ್ನೊಬ್ಬಳಿಲ್ಲ ಅನ್ನಿಸಿತು.

ಟೀಚರ್ ಬರುವ ದಿನ ಮಗನನ್ನೂ ಕರೆದುಕೊಂಡು ಬಂದಳು.

"ಥೂ! ಈ ಹುಚ್ಚುಮುಂಡೇದನ್ನ ನನ್ನ ಮನೆಗ್ಯಾಕೆ ತಂದೆ?" ಅಮ್ಮಾವ್ರು ಬಾಗಿಲಲ್ಲೇ ಅಡ್ಡ ನಿಂತರು.

"ಹುಚ್ಚಲ್ಲ ಅಮ್ಮಾವ್ರೇ. ನಿಮ್ಮ ಮಗೂಗಿರೋದೇ ಇವನಿಗೂ ಇರೋದು. ನಿಮ್ಮನೇಲಿ ಅದಕ್ಕೊಂದು ಹೆಸರೈತೆ, ಅಷ್ಟೇಯ."

ಟೀಚರ್ ಮುಖ ಸಣ್ಣದಾಯಿತು. "ಇದು ಈ ಮನೆಯವರ ಸಮಯ ಕಣಮ್ಮ. ನಿನ್ನ ಮಗನ್ನ ಇನ್ಯಾವತ್ತಾದ್ರೂ ನೋಡೋಣ."

"ಯಾವತ್ತು ಅಕ್ಕಾ?"

ಟೀಚರ್ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

"ಆಚೆ ನಡೀತೀಯೋ, ಪೊಲೀಸ್ರನ್ನ ಕರೀಲೋ?" ಅಮ್ಮಾವ್ರು ಅಬ್ಬರಿಸಿದರು.

"ಕರೀರಿ. ಅವ್ರು ಬರೋಗಂಟ ಇಲ್ಲೇ ಕುಂತಿರ್ತೀನಿ. ನಿಮ್ಮ ಮಗೂನ ನಗಿಸಿದ ಕೈಯಿದು, ನನ್ನ ಮಗನ್ನ ಒಂದು ಗಳಿಗೆ ನಗಿಸಬಾರ್ದಾ?"

ಅಮ್ಮಾವ್ರನ್ನು ದಾಟಿ ಒಳಗೆ ಹೋಗಿ, ಬಿಳಿ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮಗನನ್ನು ಎದುರಿಗೆ ಕೂರಿಸಿಕೊಂಡಳು. ಕಲಿತಿದ್ದ ಹಾಗೆಯೇ, ಮಾತಾಡದೆ, ಎರಡೂ ಅಂಗೈ ಬಿಚ್ಚಿ ಕಾದಳು. ಅಮ್ಮಾವ್ರು ಫೋನಿನಲ್ಲಿ ಕಿರುಚುತ್ತಿದ್ದರು.

ವಿಲ್ಮರ್ ಅವಳ ಕೈಗಳನ್ನು ನೋಡಿದ. ಆಮೇಲೆ ತನ್ನೆರಡು ಮಣಿಕಟ್ಟುಗಳನ್ನೂ ಜೋಡಿಸಿ, ಕಟ್ಟಲೆಂದು ತಾಯಿಯ ಮುಂದೆ ಚಾಚಿದ.