ಕುರ್ಚಿ ಮೂಸುವ ಚಿರತೆ

ಈಜುಕೊಳದಲ್ಲಿ ನೀರಾನೆ, ಬಸ್‌ಸ್ಟಾಪಿನಲ್ಲಿ ಜಿರಾಫೆ, ಲೈಬ್ರರಿ ಮೆಟ್ಟಿಲ ಮೇಲೆ ಮರಿಗಳ ಸಮೇತ ಕರಡಿ. ಆರು ತಿಂಗಳಿನಿಂದ ನಾನು ಮಾಡಿಕೊಂಡು ಬಂದ ಘನಕಾರ್ಯ ಇದು. ಎಲ್ಲವೂ ಫೋನಿನಲ್ಲೇ. ಒಂದು ಫೋಟೋದಿಂದ ಪ್ರಾಣಿಯನ್ನು ಬೆರಳಲ್ಲೇ ಕತ್ತರಿಸಿ, ಇನ್ನೊಂದರಲ್ಲಿ ನಿಲ್ಲಿಸಿ, ಕಾಲ ಬುಡಕ್ಕೆ ನೆರಳು ಬಳಿದರೆ ಮುಗಿಯಿತು. ನೆರಳಿನಲ್ಲಿ ನಾನು ಎತ್ತಿದ ಕೈ. ಕ್ಲಾಸಿನವರು ಹಾಗಂದು ಹಾಗಂದು ನನ್ನನ್ನು ಅಟ್ಟಕ್ಕೇರಿಸಿದ್ದರು.

ಮಂಗಳವಾರ ಮಧ್ಯಾಹ್ನ ಕಾಲೇಜಿನ ಹಿಂದಿನ ಗೇಟಿನ ಫೋಟೋ ತೆಗೆದೆ. ಅಲ್ಲಿನ ವಾಚ್‌ಮನ್ ನನ್ನ ಸೋದರಮಾವ. ಇನ್ನೊಬ್ಬ ವಾಚ್‌ಮನ್ ಕೈಕೊಟ್ಟದ್ದರಿಂದ ಒಂದರ ಹಿಂದೆ ಒಂದು ಎರಡು ಪಾಳಿ ಮಾಡಿದ್ದ ಮಾವ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಮಾವನನ್ನು ಅಳಿಸಿದೆ. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಖಾಲಿ ಕುರ್ಚಿಯ ಕಾಲನ್ನು ಮೂಸುವ ಹಾಗೆ ಒಂದು ಚಿರತೆ ತಂದು ನಿಲ್ಲಿಸಿ, ಕ್ಲಾಸಿನ ಗ್ರೂಪಿಗೆ ಹಾಕಿದೆ.

ಅದು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಯಾರೋ ಪುಣ್ಯಾತ್ಮರು ‘ಇಂದು ಮಧ್ಯಾಹ್ನ, ಹಿಂದಿನ ಗೇಟ್, ಎಚ್ಚರ’ ಎಂದು ಸೇರಿಸಿದರು. ಮರುದಿನ ಬೆಳಿಗ್ಗೆ ಕ್ಲಾಸು ರದ್ದು. ಅರಣ್ಯ ಇಲಾಖೆಯ ಜೀಪು ಬೋನು ಎಳೆದುಕೊಂಡು ಬಂತು. ನಾಚಿಕೆಗೇಡು, ನಿಜ ಹೇಳುತ್ತೇನೆ: ನನಗೆ ಒಳಗೊಳಗೇ ಖುಷಿಯಾಗಿತ್ತು. ನಾನು ಬಳಿದ ನೆರಳನ್ನು ಹಿಡಿಯಲು ಬೋನು!

ಆಗ ಗೆಳತಿ ಓಡಿ ಬಂದಳು. “ಏಯ್, ಚಿರತೆ ಬಂದಾಗ ವಾಚ್‌ಮನ್ ಎಲ್ಲಿ ಹಾಳಾಗಿ ಹೋಗಿದ್ದ ಅಂತ ಪ್ರಿನ್ಸಿಪಾಲ್ ಕೂಗಾಡ್ತಿದಾರೆ ಕಣೇ. ಹನ್ನೊಂದಕ್ಕೆ ಕರೆಸಿದಾರಂತೆ. ಕೆಲಸ ಹೋಯ್ತು ಅಂತಾನೇ ಲೆಕ್ಕ.”

ಗೇಟಿಗೆ ಹೋದೆ. ಮಾವ ಕೂತಿರಲಿಲ್ಲ. ಕುರ್ಚಿಯ ಪಕ್ಕದಲ್ಲಿ ನಿಂತಿದ್ದ.

“ನಾನು ಎದ್ದೇ ಇಲ್ಲ ಪುಟ್ಟೀ,” ಎಂದ. “ಸ್ವಲ್ಪ ಕಣ್ಣು ಹತ್ತಿತ್ತು, ಅದು ನಿಜ. ಆದ್ರೆ ಫೋಟೋದಲ್ಲಿ ನಾನೇ ಇಲ್ವಲ್ಲ? ನಿದ್ದೆಗಣ್ಣಲ್ಲಿ ಎದ್ದು ಎಲ್ಲಿಗಾದ್ರೂ ಹೋದ್ನಾ ಅಂತ ನಿಮ್ಮತ್ತೇನೂ ಕೇಳಿದ್ಲು. ಏನು ಹೇಳೋದು? ಹುಡುಗ್ರು ಓಡಾಡೋ ಜಾಗ. ಯಾರಿಗಾದ್ರೂ ಏನಾದ್ರೂ ಆಗಿದ್ರೆ?”

ತನಗಿಂತ ನನ್ನ ಫೋಟೋವನ್ನೇ ಅವನು ನಂಬಿಬಿಟ್ಟಿದ್ದ.

“ಮಾವ, ಅದು ನಾನು ಮಾಡಿದ್ದು.”

“ಏನು?”

“ಚಿರತೆ. ಬಂದೇ ಇಲ್ಲ. ನೀನು ಇಲ್ಲೇ ಇದ್ದೆ. ನಾನೇ ನಿನ್ನ ಅಳಿಸಿದ್ದು.”

ಮೂಲ ಫೋಟೋ ತೋರಿಸಿದೆ. ಮಾವ ಕನ್ನಡಕ ಹುಡುಕಿ ಹಾಕಿಕೊಂಡು ಬಹಳ ಹೊತ್ತು ನೋಡಿದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಥೂ, ಎಷ್ಟಗಲ ಬಾಯಿ ತೆಗ್ದಿದೀನಿ ನೋಡು,” ಎಂದ ಅಷ್ಟೇ.

ಆಗ ನನಗೆ ಹೊಳೆಯಿತು. ಚಿರತೆ ಸುಳ್ಳೆಂದು ತೋರಿಸಲು ಇರುವುದು ಇದೊಂದೇ ಫೋಟೋ. ತೋರಿಸಿದರೆ ಮಾವ ನಿದ್ದೆ ಮಾಡಿದ್ದು ಬಯಲಾಗುತ್ತದೆ. ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.

“ಮಾವ, ಎರಡೇ ನಿಮಿಷ. ನಿನ್ನ ಬೇರೆ ಫೋಟೋ ಇದೆ ನನ್ ಹತ್ರ. ಬಾಯಿ ಮುಚ್ಚಿಸಿ, ಕಣ್ಣು ತೆರೆಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

ಮಾವ ನನ್ನ ಮುಖ ನೋಡಿದ. ನನ್ನ ಬೆರಳು ಆಗಲೇ ಅವನ ಹಣೆಯನ್ನು ದೊಡ್ಡದು ಮಾಡುತ್ತಿತ್ತು.

“ಬಿಡು ತಾಯಿ, ಸಾಕು,” ಎಂದು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಮುಂದೆ ನಡೆದ.

ಪ್ರಿನ್ಸಿಪಾಲರ ರೂಮಿನಲ್ಲಿ ಅರಣ್ಯ ಇಲಾಖೆಯ ಅಧಿಕಾರಿ, ಗುಮಾಸ್ತರು, ಇನ್ನೂ ಒಂದಿಬ್ಬರು ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಮಾವ, “ಸಾರ್, ನಾನು ಗೇಟಲ್ಲೇ ಇದ್ದೆ. ನಿದ್ದೆ ಮಾಡ್ತಿದ್ದೆ. ಹುಡುಗಿ ತೋರಿಸ್ತಾಳೆ,” ಎಂದ.

ನನ್ನ ಫೋನು ಮೇಜಿನ ಸುತ್ತ ಕೈಯಿಂದ ಕೈಗೆ ಹೋಯಿತು. ಅಧಿಕಾರಿ ಮೊದಲು ನಕ್ಕರು, ಆಮೇಲೆ ಗುಮಾಸ್ತರು. “ಚಿರತೆ ಏನ್ರೀ, ಈ ಬಾಯೊಳಗೆ ಆನೆಯೇ ಹೋಗುತ್ತೆ!” ಎಂದು ಇನ್ಯಾರೋ ಅಂದರು. ಮಾವನೂ ನಕ್ಕ, ನಗಲೇಬೇಕಲ್ಲ ಎಂಬಂತೆ. ಅವನಿಗೆ ಎಚ್ಚರಿಕೆ ಪತ್ರ, ನನಗೆ ಹದಿನೈದು ದಿನ ಸಸ್ಪೆನ್ಷನ್. ಕೆಲಸ ಉಳಿಯಿತು.

ಹೊರಗೆ ಬಂದ ಮೇಲೆ ಮಾವ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ನಡೆದ. ಆಮೇಲೆ ಕೇಳಿದ: “ಚಿರತೆ ಪಕ್ಕದಲ್ಲಿ ನಾನೂ ಇದ್ದಿದ್ರೆ ಇನ್ನೂ ತಮಾಷೆ ಇರ್ತಿತ್ತಲ್ವಾ? ನನ್ನ ಯಾಕೆ ತೆಗ್ದೆ?”

ಸುಳ್ಳು ಹೇಳಬಹುದಿತ್ತು. ಬಾಯಿಗೂ ಬಂದಿತ್ತು.

“ಕ್ಲಾಸಿನವರು ನಿನ್ನ ನೋಡಿ ನಗ್ತಿದ್ರು ಮಾವ, ಜೊತೆಗೆ ನಾನೂ ನಗ್ಬೇಕಿತ್ತು,” ಎಂದೆ. “ನೀನು ನಮ್ಮ ಮಾವ ಅಂತ ಅವರಿಗೆ ನಾನು ಹೇಳಿಲ್ಲ.”

ಮಾವ ತಲೆಯಾಡಿಸಿದ. ನನ್ನ ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದುಕೊಂಡು, ಗೇಟಿನ ಕಡೆ ಹೋದ.